ಮೌಸ್ ಅಲ್ಲಾಡಿಸಿದರೆ ಕಿವಿಯಲ್ಲಿ ಯಾಕೆ ಸದ್ದು?

ರಾತ್ರಿ ಹನ್ನೊಂದರ ಮೇಲೆ, ಮನೆಯಲ್ಲಿ ಫ್ಯಾನಿನ ಸದ್ದೂ ಇಲ್ಲದ ಹೊತ್ತಲ್ಲಿ, ಲ್ಯಾಪ್‌ಟಾಪಿಗೆ ವೈರ್ ಇರೋ ಇಯರ್‌ಫೋನ್ ಸಿಕ್ಕಿಸಿ ಸುಮ್ಮನೆ ಕೂತು ನೋಡಿ. ಹಾಡು ಹಾಕಬೇಡಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಸಣ್ಣಗೆ 'ಸ್ಸ್' ಅಂತ ಕೇಳುತ್ತೆ. ಮೌಸ್ ಅಲ್ಲಾಡಿಸಿದರೆ 'ಕಿರ್' ಅನ್ನುತ್ತೆ. ದೊಡ್ಡ ಎಕ್ಸೆಲ್ ಫೈಲ್ ಸ್ಕ್ರೋಲ್ ಮಾಡಿದರೆ ಆ ಕಿರ್‌ನ ಶ್ರುತಿಯೇ ಬದಲಾಗುತ್ತೆ. ನನ್ನ ಹಳೇ ಆಫೀಸ್ ಲ್ಯಾಪ್‌ಟಾಪಲ್ಲಿ ಇದು ಎಷ್ಟು ಸ್ಪಷ್ಟವಾಗಿತ್ತು ಅಂದರೆ, ಕಣ್ಣು ಮುಚ್ಚಿಕೊಂಡೇ ಫೈಲ್ ಕಾಪಿ ಮುಗಿಯಿತಾ ಇಲ್ಲವಾ ಅಂತ ಹೇಳಬಹುದಿತ್ತು.

ಮೊದಲು ಇದನ್ನ ರಿಪೇರಿ ವಿಷಯ ಅಂದುಕೊಂಡಿದ್ದೆ. ಆಮೇಲೆ ಓದುತ್ತಾ ಹೋದಾಗ ಗೊತ್ತಾಗಿದ್ದು, ಈ ಕಿರ್‌ಗೆ ಅರ್ಧ ಶತಮಾನಕ್ಕೂ ಮೀರಿದ ಚರಿತ್ರೆ ಇದೆ ಅಂತ. ಕಂಪ್ಯೂಟರಿನ ಹೊಟ್ಟೆಯಲ್ಲಿರೋದು ಬರೀ ಸಂಖ್ಯೆಗಳು. ಕಿವಿಗೆ ಬೇಕಿರೋದು ಏರಿಳಿಯುವ ವೋಲ್ಟೇಜು. ಆ ಸಂಖ್ಯೆಯನ್ನ ಈ ವೋಲ್ಟೇಜ್ ಮಾಡಿಕೊಡುವ ಸರ್ಕ್ಯೂಟಿಗೆ ಡಿಜಿಟಲ್-ಟು-ಅನಲಾಗ್ ಕನ್ವರ್ಟರ್, ಚಿಕ್ಕದಾಗಿ ಡ್ಯಾಕ್ ಅನ್ನುತ್ತಾರೆ. ಈ ಡ್ಯಾಕ್ ಮತ್ತು ಕಂಪ್ಯೂಟರ್ ಶುರುವಿನಲ್ಲಿ ಬೇರೆ ಬೇರೆ ಊರಲ್ಲಿದ್ದವು. ನಿಧಾನಕ್ಕೆ ಒಂದೇ ಪೆಟ್ಟಿಗೆಗೆ, ಕೊನೆಗೆ ಒಂದೇ ಚಿಪ್ಪಿಗೆ ಬಂದವು. ಹತ್ತಿರ ಬಂದಷ್ಟೂ ಒಬ್ಬರ ಗದ್ದಲ ಇನ್ನೊಬ್ಬರಿಗೆ ಕೇಳತೊಡಗಿತು. ಡ್ಯಾಕ್‌ನ ಚರಿತ್ರೆಯ ದೊಡ್ಡ ಭಾಗ, ಹತ್ತಿರ ಇದ್ದೂ ದೂರ ಇರೋದು ಹೇಗೆ ಅನ್ನುವುದರ ಚರಿತ್ರೆ.

1957ಕ್ಕೆ ಹೋಗೋಣ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಮ್ಯಾಕ್ಸ್ ಮ್ಯಾಥ್ಯೂಸ್ ಅನ್ನೋ ಎಂಜಿನಿಯರ್ ಕಂಪ್ಯೂಟರಿನಿಂದ ಸಂಗೀತ ಹೊರಡಿಸುವ ಪ್ರೋಗ್ರಾಮ್ ಬರೆದರು. ಅವರ ಲ್ಯಾಬ್ ಇದ್ದದ್ದು ನ್ಯೂಜೆರ್ಸಿಯ ಮರ್ರೆ ಹಿಲ್‌ನಲ್ಲಿ. ಅವರು ಬಳಸುತ್ತಿದ್ದ ಐಬಿಎಂ 704 ಕಂಪ್ಯೂಟರ್ ಇದ್ದದ್ದು ನ್ಯೂಯಾರ್ಕಿನ ಮ್ಯಾಡಿಸನ್ ಅವೆನ್ಯೂನಲ್ಲಿ. ನಡುವೆ ಸುಮಾರು 35-40 ಕಿಲೋಮೀಟರ್. ಮೆಜೆಸ್ಟಿಕ್‌ನಿಂದ ಬಿಡದಿಗೆ ಹೋದಷ್ಟು ದೂರ ಅಂದುಕೊಳ್ಳಿ. ನ್ಯೂಯಾರ್ಕಿಗೆ ಹೋಗಿ ಪ್ರೋಗ್ರಾಮ್ ಓಡಿಸೋದು, ಸಂಖ್ಯೆಗಳು ತುಂಬಿದ ಮ್ಯಾಗ್ನೆಟಿಕ್ ಟೇಪ್ ಹಿಡಿದುಕೊಂಡು ವಾಪಸ್ ಲ್ಯಾಬಿಗೆ ಬರೋದು, ಅಲ್ಲಿದ್ದ ವ್ಯಾಕ್ಯೂಮ್ ಟ್ಯೂಬಿನ 12 ಬಿಟ್ ಡ್ಯಾಕ್‌ಗೆ ಆ ಟೇಪ್ ಉಣಿಸೋದು. ಆವಾಗ ಮಾತ್ರ ಸ್ವರ ಕೇಳೋದು. ಮೊದಲ ತುಣುಕನ್ನ ರಚಿಸಿದ್ದು ಅವರ ಸಹೋದ್ಯೋಗಿ ನ್ಯೂಮನ್ ಗಟ್‌ಮನ್. ಅದರ ಉದ್ದ 17 ಸೆಕೆಂಡ್.

17 ಸೆಕೆಂಡಿಗೆ ಇಷ್ಟು ಓಡಾಟವಾ ಅಂತ ನಗು ಬರುತ್ತೆ. ಆದರೆ ಈ ಏರ್ಪಾಟಿನಲ್ಲಿ ಅವರಿಗೇ ಗೊತ್ತಿಲ್ಲದ ಹಾಗೆ ಎರಡು ಅನುಕೂಲ ಇದ್ದವು. ಒಂದು, ಲೆಕ್ಕ ಹಾಕುವ ಯಂತ್ರ ಡ್ಯಾಕ್‌ನ ಹತ್ತಿರವೇ ಇಲ್ಲ. ಹಾಗಾಗಿ ಅದರ ವಿದ್ಯುತ್ ಗದ್ದಲ ಡ್ಯಾಕ್‌ಗೆ ತಾಗೋ ಪ್ರಶ್ನೆಯೇ ಇಲ್ಲ. ಎರಡು, ಟೇಪು ನಮ್ಮ ಮನೆ ಮೇಲಿನ ನೀರಿನ ಟ್ಯಾಂಕಿನ ಹಾಗೆ ಕೆಲಸ ಮಾಡುತ್ತಿತ್ತು. ಕಾವೇರಿ ನೀರು ಯಾವಾಗ ಬರುತ್ತೋ ಎಷ್ಟು ಬರುತ್ತೋ, ಟ್ಯಾಂಕಿನಿಂದ ನಲ್ಲಿಗೆ ಮಾತ್ರ ಒಂದೇ ಸಮ ಬರುತ್ತೆ. ಕಂಪ್ಯೂಟರ್ ಎಷ್ಟು ತಡ ಮಾಡಿ ಲೆಕ್ಕ ಹಾಕಿದರೂ ಟೇಪು ಒಂದೇ ವೇಗದಲ್ಲಿ ಓಡುತ್ತೆ. ಮುಂದಿನ ಎಂಜಿನಿಯರುಗಳು ಕಷ್ಟಪಟ್ಟು ಸಂಪಾದಿಸಿದ್ದು ಈ ಎರಡನ್ನೇ: ಅಂತರ ಮತ್ತು ಒಂದೇ ಸಮ ಹರಿವು.

18 ವರ್ಷ ಬಿಟ್ಟು, 1975ರ ಏಪ್ರಿಲ್. ಕ್ಯಾಲಿಫೋರ್ನಿಯಾದ ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ಬಿನ ಸಭೆ. ಸ್ಟೀವ್ ಡೊಂಪಿಯರ್ ಅನ್ನೋ ಹವ್ಯಾಸಿ ತನ್ನ ಆಲ್ಟೇರ್ 8800 ತಂದಿದ್ದ. ಇಂಟೆಲ್ 8080 ಮೈಕ್ರೊಪ್ರೊಸೆಸರ್ ಇದ್ದ ಕಿಟ್ ಕಂಪ್ಯೂಟರು ಅದು. ಕೀಬೋರ್ಡ್ ಇಲ್ಲ, ಸ್ಕ್ರೀನ್ ಇಲ್ಲ, ಸ್ಪೀಕರ್ ಮೊದಲೇ ಇಲ್ಲ. ಮುಂದೆ ಒಂದಿಷ್ಟು ಸ್ವಿಚ್ಚು, ಒಂದಿಷ್ಟು ಮಿಣುಕು ದೀಪ. ಡೊಂಪಿಯರ್ ಒಂದೊಂದೇ ಸ್ವಿಚ್ ತಟ್ಟಿ ಪ್ರೋಗ್ರಾಮ್ ತುಂಬಿಸಿದ. ನಡುವೆ ಯಾರೋ ಪ್ಲಗ್ ಎಳೆದುಬಿಟ್ಟು, ಮತ್ತೆ ಮೊದಲಿನಿಂದ ತುಂಬಿಸಬೇಕಾಯಿತು. ಕೊನೆಗೆ ಒಂದು ಸಣ್ಣ ರೇಡಿಯೊ ಹತ್ತಿರ ಇಟ್ಟು ಪ್ರೋಗ್ರಾಮ್ ಓಡಿಸಿದ. ರೇಡಿಯೊದಿಂದ ಬೀಟಲ್ಸ್ ಹಾಡೊಂದರ ರಾಗ ಬಂತು! ಮುಂದೆ 'ಡೈಸಿ ಬೆಲ್' ಬಂತು. 1961ರಲ್ಲಿ ಬೆಲ್ ಲ್ಯಾಬ್ಸ್‌ನ ಕಂಪ್ಯೂಟರ್ ಹಾಡಿದ್ದ ಅದೇ ಹಾಡು. ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು.

ಆ ಕಂಪ್ಯೂಟರಿಗೆ ಡ್ಯಾಕ್ ಇರಲೇ ಇಲ್ಲ. ಪ್ರೊಸೆಸರ್ ಕೆಲಸ ಮಾಡುವಾಗ ಅದರ ಸಾವಿರಾರು ಸ್ವಿಚ್ಚುಗಳು ಪಟಪಟ ಅಂತ ಹಾರುತ್ತವೆ. ಪ್ರತಿ ಹಾರಾಟಕ್ಕೂ ತಂತಿಗಳಿಂದ ಒಂದು ಚಿಕ್ಕ ರೇಡಿಯೊ ಅಲೆ ಹೊರಗೆ ಸೋರುತ್ತೆ. ಡೊಂಪಿಯರ್ ಆ ಸೋರಿಕೆಯನ್ನೇ ಹಿಡಿದ. ಪ್ರೋಗ್ರಾಮಿನ ಲೂಪು ಚಿಕ್ಕದಾದರೆ ಎತ್ತರದ ಸ್ವರ, ದೊಡ್ಡದಾದರೆ ತಗ್ಗಿನ ಸ್ವರ. ನನ್ನ ಲ್ಯಾಪ್‌ಟಾಪಿನ ಕಿರ್ ಇದೇ ಬಳಗದ್ದು. ವ್ಯತ್ಯಾಸ ಇಷ್ಟೇ, ಅವನಿಗೆ ಬೇಕಿತ್ತು, ನನಗೆ ಬೇಡ. ಆವತ್ತು ಚಪ್ಪಾಳೆ ಹೊಡೆದವರು ಕೇಳಿದ್ದು, ಮುಂದೆ ಪ್ರತಿಯೊಬ್ಬ ಆಡಿಯೊ ಎಂಜಿನಿಯರನ ನಿದ್ದೆ ಕೆಡಿಸಲಿದ್ದ ಅದೇ ಗದ್ದಲ.

ಎರಡು ವರ್ಷದಲ್ಲಿ ಡ್ಯಾಕ್ ಹವ್ಯಾಸಿಗಳ ಮೇಜಿಗೂ ಬಂತು. 1977ರ ಸೆಪ್ಟೆಂಬರಿನ 'ಬೈಟ್' ಪತ್ರಿಕೆಯಲ್ಲಿ ಹಾಲ್ ಚೇಂಬರ್ಲಿನ್ ಅನ್ನೋರು ಒಂದು ಲೇಖನ ಬರೆದರು. ಕಿಮ್-1 ಅನ್ನೋ ಅಗ್ಗದ ಒಂದೇ ಬೋರ್ಡಿನ ಕಂಪ್ಯೂಟರು, ಅದರ ಔಟ್‌ಪುಟ್ ಪೋರ್ಟಿಗೆ 8 ಬಿಟ್ ಡ್ಯಾಕ್, ಅದರ ಹಿಂದೆ ಒಂದು ಫಿಲ್ಟರ್, ಆಂಪ್ಲಿಫೈಯರ್. ಅಷ್ಟರಲ್ಲೇ ಏಕಕಾಲಕ್ಕೆ ನಾಲ್ಕು ಸ್ವರ ನುಡಿಸಬಹುದು ಅಂತ ತೋರಿಸಿಕೊಟ್ಟರು.

ಇಲ್ಲಿ ಟೇಪೂ ಇಲ್ಲ, ಟ್ಯಾಂಕೂ ಇಲ್ಲ. ಪ್ರೊಸೆಸರೇ ಲೆಕ್ಕ ಹಾಕಿ, ಪ್ರೊಸೆಸರೇ ಸರಿಯಾದ ಹೊತ್ತಿಗೆ ಸಂಖ್ಯೆಯನ್ನ ಡ್ಯಾಕ್ ಕೈಗೆ ಕೊಡಬೇಕು. ಕಿಮ್-1ರ 6502 ಪ್ರೊಸೆಸರ್ ಓಡುತ್ತಿದ್ದದ್ದು 1 ಮೆಗಾಹರ್ಟ್ಸ್ ವೇಗದಲ್ಲಿ. ಅಂದರೆ ಒಂದು ಮೈಕ್ರೊಸೆಕೆಂಡಿಗೆ ಒಂದು ಕ್ಲಾಕ್ ಸೈಕಲ್. ಚೇಂಬರ್ಲಿನ್ ಪ್ರತಿ ಸಂಖ್ಯೆಗೆ 114 ಸೈಕಲ್ ಇಟ್ಟುಕೊಂಡರು. ಸೆಕೆಂಡಿಗೆ ಸುಮಾರು 8,770 ಸಂಖ್ಯೆಗಳು. ಹೆಚ್ಚು ಕಡಿಮೆ ಟೆಲಿಫೋನಿನ ಗುಣಮಟ್ಟ. ಮುಖ್ಯ ವಿಷಯ ಏನಂದರೆ, ಪ್ರೋಗ್ರಾಮು ಯಾವ ದಾರಿ ಹಿಡಿದು ಹೋದರೂ ಪ್ರತಿ ಸುತ್ತೂ ಒಂದೇ ಸಮಯ ತಗೋಬೇಕು. ಒಂದು ಸುತ್ತು 110, ಇನ್ನೊಂದು 118 ಆದರೆ ಸಂಖ್ಯೆ ಸರಿ ಇದ್ದರೂ ಹೊತ್ತು ತಪ್ಪುತ್ತೆ. ಹೊತ್ತು ತಪ್ಪಿದ ಸರಿಯಾದ ಸಂಖ್ಯೆ ಕಿವಿಗೆ ಕರಕರ ಅಂತಲೇ ಕೇಳುತ್ತೆ. ತಾಳ ತಪ್ಪಿದ ಮೃದಂಗಕ್ಕೆ ಪೆಟ್ಟು ಸರಿ ಇತ್ತು ಅಂತ ಯಾರೂ ಮಾಫಿ ಕೊಡಲ್ಲ ಅಲ್ವಾ, ಹಾಗೆ. ಅದಕ್ಕೆ ಅವರು ಚಿಕ್ಕ ದಾರಿಗಳಲ್ಲಿ ಸುಮ್ಮನೆ ಕಾಲ ಕಳೆಯುವ ಸೂಚನೆಗಳನ್ನ ತುಂಬಿ ಸಮ ಮಾಡುತ್ತಿದ್ದರು. ಇದೆಲ್ಲ ಸೇರಿ 1980ರಲ್ಲಿ ಅವರ 'ಮ್ಯೂಸಿಕಲ್ ಅಪ್ಲಿಕೇಶನ್ಸ್ ಆಫ್ ಮೈಕ್ರೊಪ್ರೊಸೆಸರ್ಸ್' ಅನ್ನೋ ದಪ್ಪ ಪುಸ್ತಕ ಬಂತು.

ನಮ್ಮಲ್ಲಿ ಇ ಆ್ಯಂಡ್ ಸಿ ಓದಿದವರಿಗೆ ಇದು ಹೊಸದಲ್ಲ. ಲ್ಯಾಬಲ್ಲಿ 8085 ಅಥವಾ 8086 ಕಿಟ್ಟು, ಅದಕ್ಕೆ 8255 ಪೋರ್ಟ್ ಚಿಪ್ಪು, ಫ್ಲಾಟ್ ಕೇಬಲ್ಲಿನ ತುದಿಯಲ್ಲಿ ಡ್ಯಾಕ್ 0800 ಇರೋ ಚಿಕ್ಕ ಬೋರ್ಡು. 00ಯಿಂದ ಎಫ್ಎಫ್‌ವರೆಗೆ ಎಣಿಸಿದರೆ ಸಿಆರ್‌ಒ ಪರದೆ ಮೇಲೆ ಇಳಿಜಾರಿನ ಗೆರೆ. ಮೇಲೆ ಹತ್ತಿ ಕೆಳಗಿಳಿಸಿದರೆ ತ್ರಿಕೋನ. ರೆಕಾರ್ಡ್ ಪುಸ್ತಕದಲ್ಲಿ ನಾವು ಸ್ಕೇಲ್ ಇಟ್ಟು ನೀಟಾಗಿ ಗೆರೆ ಎಳೆದು ಸೈನ್ ಹಾಕಿಸಿಕೊಂಡೆವು. ಆದರೆ ಸಿಆರ್‌ಒ ನಾಬ್ ತಿರುಗಿಸಿ ಹತ್ತಿರದಿಂದ ನೋಡಿದ್ದರೆ ಎರಡು ವಿಷಯ ಕಾಣುತ್ತಿತ್ತು.

ಮೊದಲನೆಯದು, ಅದು ಗೆರೆಯಲ್ಲ, ಮೆಟ್ಟಿಲು. 8 ಬಿಟ್ ಅಂದರೆ 256 ಮೆಟ್ಟಿಲು ಮಾತ್ರ. ನಡುವಿನ ಬೆಲೆಗಳಿಗೆ ಜಾಗ ಇಲ್ಲ, ಹತ್ತಿರದ ಮೆಟ್ಟಿಲಿಗೆ ಹತ್ತಿಸಬೇಕು ಇಲ್ಲ ಇಳಿಸಬೇಕು. ಆ ತಪ್ಪೇ ಕಿವಿಗೆ ಗದ್ದಲವಾಗಿ ಕೇಳೋದು. ಪ್ರತಿ ಬಿಟ್ ಸೇರಿಸಿದಾಗ ಈ ಗದ್ದಲ ಸುಮಾರು 6 ಡೆಸಿಬೆಲ್ ಇಳಿಯುತ್ತೆ. 8 ಬಿಟ್‌ಗೆ ಸುಮಾರು 48 ಡೆಸಿಬೆಲ್ ಅಂತರ, 16 ಬಿಟ್‌ಗೆ 96.

ಎರಡನೆಯದು, 127ರಿಂದ 128ಕ್ಕೆ ಹೋಗುವ ಜಾಗದಲ್ಲಿ ಒಂದು ಸೂಜಿ ಮೊನೆ. ಬೈನರಿಯಲ್ಲಿ 127 ಅಂದರೆ 01111111, 128 ಅಂದರೆ 10000000. ಒಂದೇ ಮೆಟ್ಟಿಲು ಹತ್ತೋಕೆ ಎಂಟೂ ಸ್ವಿಚ್ಚು ಒಟ್ಟಿಗೆ ಮಗುಚಬೇಕು. ಎಲ್ಲ ಒಂದೇ ಕ್ಷಣಕ್ಕೆ ಮಗುಚಲ್ಲ. ಆ ಚೂರು ಹೊತ್ತಿನಲ್ಲಿ ಡ್ಯಾಕ್ ಎಲ್ಲೋ ಹೋಗಿ ಬಂದಿರುತ್ತೆ. ಇದಕ್ಕೆ ಗ್ಲಿಚ್ ಅಂತ ಹೆಸರು. ಅದು ಅಡಗೋವರೆಗೆ ಔಟ್‌ಪುಟ್ಟನ್ನ ಹಿಡಿದು ನಿಲ್ಲಿಸುವ ಸರ್ಕ್ಯೂಟ್ ಹಾಕುತ್ತಿದ್ದರು. 8 ಬಿಟ್ ಪ್ರೊಸೆಸರಿಗೆ 12 ಬಿಟ್ ಡ್ಯಾಕ್ ಕಟ್ಟಿದಾಗ ಕಷ್ಟ ಇನ್ನೂ ಜಾಸ್ತಿ. ಸಂಖ್ಯೆಯನ್ನ ಎರಡು ಕಂತಿನಲ್ಲಿ ಕಳಿಸಬೇಕು. ಮೊದಲ ಕಂತು ಬಂದು ಎರಡನೆಯದು ಬರೋವರೆಗೆ ಡ್ಯಾಕ್ ಒಳಗಿರೋದು ಅರ್ಧ ಹಳೆಯ, ಅರ್ಧ ಹೊಸ ಸಂಖ್ಯೆ. ಅದಕ್ಕೇ 70ರ ದಶಕದಲ್ಲಿ ಚಿಪ್ ಮಾಡುವವರು ಡ್ಯಾಕ್ ಒಳಗೇ ಎರಡು ಸಾಲು ಲ್ಯಾಚ್ ಇಟ್ಟರು. ಕಂತುಗಳು ಮೊದಲ ಸಾಲಲ್ಲಿ ಕೂಡಿಕೊಳ್ಳುತ್ತವೆ, ಎಲ್ಲ ಬಂದ ಮೇಲೆ ಒಂದೇ ಸಂಜ್ಞೆಗೆ ಎರಡನೇ ಸಾಲಿಗೆ ಜರುಗುತ್ತವೆ. ಮ್ಯಾಥ್ಯೂಸ್‌ರ ಟೇಪು ಕುಗ್ಗಿ ಕುಗ್ಗಿ ಹನ್ನೆರಡು ಬಿಟ್ಟಿನ ಟ್ಯಾಂಕ್ ಆಗಿ ಚಿಪ್ಪಿನೊಳಗೆ ಬಂದ ಹಾಗಾಯಿತು.

ಇಷ್ಟೆಲ್ಲ ಆದರೂ ಡೊಂಪಿಯರನ ರೇಡಿಯೊದ ಗದ್ದಲ ಉಳಿದೇ ಇತ್ತು. ಅಡುಗೆಮನೆಯಲ್ಲಿ ಅಮ್ಮ ಮಿಕ್ಸಿ ಹಾಕಿದರೆ ಹಾಲಿನ ಟೀವಿಯಲ್ಲಿ ಗೆರೆ ಬರುತ್ತಿದ್ದ ಕಾಲ ನಿಮಗೆ ನೆನಪಿರಬಹುದು. ಕರೆಂಟ್ ಲೈನ್ ಒಂದೇ, ಮನೆ ಒಂದೇ, ಅದಕ್ಕೆ. ಸರ್ಕ್ಯೂಟ್ ಬೋರ್ಡಲ್ಲೂ ಇದೇ ಕಥೆ. ಪ್ರೊಸೆಸರ್ ಪ್ರತಿ ಕ್ಲಾಕ್‌ಗೆ ಒಂದೊಂದು ಗುಟುಕು ಕರೆಂಟ್ ಎಳೆಯುತ್ತೆ. ಆ ಕರೆಂಟ್ ಗ್ರೌಂಡ್ ತಂತಿಯಲ್ಲಿ ವಾಪಸ್ ಹೋಗುವಾಗ ಆ ತಂತಿಯ ವೋಲ್ಟೇಜನ್ನೇ ಚೂರು ಅಲ್ಲಾಡಿಸುತ್ತೆ. ಡ್ಯಾಕ್ ಅದೇ ಗ್ರೌಂಡನ್ನ ಸೊನ್ನೆ ಅಂತ ನಂಬಿಕೊಂಡು ಅಳೆಯುತ್ತಿರುತ್ತೆ. ಸೊನ್ನೆಯೇ ಕುಣಿದರೆ ಉಳಿದ ಲೆಕ್ಕ ಸರಿ ಬರೋದಾದರೂ ಹೇಗೆ?

ಪರಿಹಾರಗಳು ನಾಟಕೀಯವಾಗೇನೂ ಇಲ್ಲ. ಪ್ರತಿ ಚಿಪ್ಪಿನ ಪಕ್ಕ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಇಡೋದು, ಆ ಗುಟುಕು ದೂರದ ಪವರ್ ಸಪ್ಲೈವರೆಗೆ ಹೋಗದೆ ಪಕ್ಕದಲ್ಲೇ ಸಿಗಲಿ ಅಂತ. ಪ್ರೊಸೆಸರಿನ ಕರೆಂಟು ವಾಪಸ್ ಹೋಗುವ ದಾರಿ ಡ್ಯಾಕ್‌ನ ಕಾಲಡಿಯಲ್ಲಿ ಹಾಯದ ಹಾಗೆ ಬೋರ್ಡ್ ಹಂಚೋದು. ಡಿಜಿಟಲ್ ಒಂದು ಕಡೆ, ಅನಲಾಗ್ ಒಂದು ಕಡೆ. ಡ್ಯಾಕ್‌ನ ಅಳತೆಗೋಲಾದ ರೆಫರೆನ್ಸ್ ವೋಲ್ಟೇಜಿಗೆ ಪ್ರತ್ಯೇಕ ಶುದ್ಧ ಸಪ್ಲೈ ಕೊಡೋದು. ಇದೆಲ್ಲ ಅಡುಗೆಮನೆಗೆ ಬೇರೆ ಲೈನ್ ಎಳೆಸಿದಷ್ಟೇ ಸಾದಾ ವಿಷಯ. ಬರೀ ಕೆಲವು ರೂಪಾಯಿ ಉಳಿಸೋಕೆ ಇವತ್ತಿಗೂ ಬಿಟ್ಟುಹೋಗುವ ವಿಷಯವೂ ಇದೇ.

ಇನ್ನು ಗದ್ದಲದ ಚರಿತ್ರೆಯಲ್ಲಿ ನನಗೆ ತುಂಬಾ ಇಷ್ಟವಾದ ಪ್ರಸಂಗ. ಹಾಲೆಂಡಿನ ಫಿಲಿಪ್ಸ್ ಮತ್ತು ಜಪಾನಿನ ಸೋನಿ ಸೇರಿ ಕಾಂಪ್ಯಾಕ್ಟ್ ಡಿಸ್ಕ್, ಅಂದರೆ ಸಿಡಿ, ಮಾಡಲು ಹೊರಟಿದ್ದವು. ಫಿಲಿಪ್ಸ್ ಹತ್ತಿರ 14 ಬಿಟ್ ಡ್ಯಾಕ್ ಚಿಪ್ ಇತ್ತು. ಅದರ ಹಿಂದಿದ್ದದ್ದು ರೂಡಿ ವಾನ್ ಡೆ ಪ್ಲಾಸ್‌ಖೆ ಅನ್ನೋ ಎಂಜಿನಿಯರನ ಉಪಾಯ. ಚಿಪ್ಪಿನಲ್ಲಿ ಎರಡು ಕರೆಂಟುಗಳನ್ನ ಎಷ್ಟೇ ಸಮ ಮಾಡಿದರೂ ಕೂದಲೆಳೆಯಷ್ಟು ವ್ಯತ್ಯಾಸ ಉಳಿಯುತ್ತೆ. ಅವರು ಎರಡನ್ನೂ ಸತತವಾಗಿ ಅದಲುಬದಲು ಮಾಡಿದರು. ದೋಸೆ ಎಷ್ಟು ಹುಷಾರಾಗಿ ಮುರಿದರೂ ಒಂದು ತುಂಡು ದೊಡ್ಡದೇ. ಇವತ್ತು ದೊಡ್ಡದು ಅಣ್ಣನಿಗೆ, ನಾಳೆ ತಂಗಿಗೆ ಅಂದರೆ ತಿಂಗಳ ಕೊನೆಗೆ ಇಬ್ಬರಿಗೂ ಸಮ.

ಆದರೆ ಸೋನಿಯವರು 16 ಬಿಟ್ಟೇ ಬೇಕು ಅಂತ ಹಟ ಹಿಡಿದರು. 1980ರಲ್ಲಿ ಮಾನದಂಡ ಗೊತ್ತಾದಾಗ 16 ಬಿಟ್, ಸೆಕೆಂಡಿಗೆ 44,100 ಸಂಖ್ಯೆ ಅಂತಲೇ ತೀರ್ಮಾನವಾಯಿತು. ಫಿಲಿಪ್ಸ್ ಕೈಯಲ್ಲಿ 14 ಬಿಟ್ ಚಿಪ್ಪು, ಎದುರಿಗೆ 16 ಬಿಟ್ ಡಿಸ್ಕು. ಒಂದು ಬಿಟ್‌ಗೆ 6 ಡೆಸಿಬೆಲ್ ಲೆಕ್ಕದಲ್ಲಿ 12 ಡೆಸಿಬೆಲ್ ಕೊರತೆ. ಹೊಸ ಚಿಪ್ ಮಾಡುತ್ತಾ ಕೂತರೆ ಮಾರುಕಟ್ಟೆ ಕೈತಪ್ಪುತ್ತೆ.

ಅವರು ಗದ್ದಲವನ್ನ ಕೊಲ್ಲೋ ಯೋಚನೆ ಬಿಟ್ಟು, ಅದನ್ನ ಎಲ್ಲಿ ಹಾಕೋದು ಅಂತ ಯೋಚಿಸಿದರು. ಡ್ಯಾಕ್ ಮುಂದೆ ಒಂದು ಡಿಜಿಟಲ್ ಫಿಲ್ಟರ್ ಇಟ್ಟು ನಡುನಡುವೆ ಹೊಸ ಸಂಖ್ಯೆ ಲೆಕ್ಕ ಹಾಕಿ ತುಂಬಿಸಿ, ಡ್ಯಾಕನ್ನ ನಾಲ್ಕು ಪಟ್ಟು ವೇಗದಲ್ಲಿ, ಅಂದರೆ ಸೆಕೆಂಡಿಗೆ 1,76,400 ಸಲ ಓಡಿಸಿದರು. ಅದೇ ಗದ್ದಲ ಈಗ ನಾಲ್ಕು ಪಟ್ಟು ಅಗಲದ ಜಾಗದಲ್ಲಿ ಹರಡಿಕೊಂಡಿತು. ಕಿವಿ ಕೇಳೋದು 20 ಕಿಲೋಹರ್ಟ್ಸ್‌ವರೆಗೆ ಮಾತ್ರ. ಉಳಿದದ್ದು ಕೇಳಲ್ಲ. ಇದರಿಂದ ಸುಮಾರು 6 ಡೆಸಿಬೆಲ್ ಸಿಕ್ಕಿತು.

ಎರಡನೇ ಹೆಜ್ಜೆ ಇನ್ನೂ ಚೆಂದ. ಬಸ್ಸಿನಲ್ಲಿ ಚಿಲ್ಲರೆ ಇಲ್ಲದಾಗ ಕಂಡಕ್ಟರ್ ಟಿಕೆಟ್ ಹಿಂದೆ ಬಾಕಿ ಬರೆದುಕೊಡುತ್ತಿದ್ದರಲ್ಲ, ಅದೇ ಲೆಕ್ಕ. 14 ಬಿಟ್ಟಿಗೆ ಹಿಡಿಸದೆ ಉಳಿದ ಚೂರನ್ನ ಬಿಸಾಡದೆ, ಮುಂದಿನ ಸಂಖ್ಯೆಗೆ ಸೇರಿಸಿಬಿಡೋದು. ಒಂದೊಂದು ಸಂಖ್ಯೆ ತಪ್ಪಿದರೂ ನಾಲ್ಕಾರು ಸೇರಿದಾಗ ಲೆಕ್ಕ ಸರಿಹೋಗುತ್ತೆ. ಹೀಗೆ ಮಾಡಿದಾಗ ತಗ್ಗಿನ ಆವರ್ತನಗಳಲ್ಲಿ ಗದ್ದಲ ಇಳಿದು, ಕಿವಿಗೆ ಕೇಳದ ಮೇಲಿನ ಆವರ್ತನಗಳಲ್ಲಿ ಏರುತ್ತೆ. ಇದರಿಂದ ಇನ್ನೊಂದು 7 ಡೆಸಿಬೆಲ್. 84ಕ್ಕೆ 6 ಮತ್ತು 7 ಕೂಡಿ ಸುಮಾರು 97. 16 ಬಿಟ್ಟಿನ ಮಟ್ಟಕ್ಕೆ ಮುಟ್ಟಿತು! ಇದರ ಮೂಲ ಕಲ್ಪನೆ ಹೊಸದಲ್ಲ. ಬೆಲ್ ಲ್ಯಾಬ್ಸ್‌ನ ಚಾಪಿನ್ ಕಟ್ಲರ್ 1954ರಲ್ಲೇ ಪೇಟೆಂಟಿಗೆ ಅರ್ಜಿ ಹಾಕಿದ್ದರು.

ಒಂದು ವಿಷಯ ಗಮನಿಸಿ. ಒಟ್ಟು ಗದ್ದಲ ಕಡಿಮೆಯಾಗಿಲ್ಲ. ನಿಜ ಹೇಳಬೇಕಂದರೆ ಚೂರು ಜಾಸ್ತಿಯೇ ಆಗಿದೆ. ಮನೆ ಗುಡಿಸಿ ಕಸವನ್ನ ಪಕ್ಕದ ಖಾಲಿ ಸೈಟಿಗೆ ಎಸೆಯೋರನ್ನ ನಾವು ಬೈತೀವಿ. ಇಲ್ಲಿ ಎಂಜಿನಿಯರುಗಳು ಮಾಡಿದ್ದು ಅದನ್ನೇ. ಪುಣ್ಯಕ್ಕೆ 20 ಕಿಲೋಹರ್ಟ್ಸ್ ಆಚೆಯ ಆ ಸೈಟಿನಲ್ಲಿ ಮನುಷ್ಯರು ಯಾರೂ ವಾಸ ಇಲ್ಲ. ಆಮೇಲೆ ಒಂದು ಮೆದು ಅನಲಾಗ್ ಫಿಲ್ಟರ್ ಬಂದು ಆ ಕಸವನ್ನ ಸಾಗಿಸುತ್ತೆ.

1982ರ ಅಕ್ಟೋಬರ್ 1ಕ್ಕೆ ಜಪಾನಿನಲ್ಲಿ ಸೋನಿಯ ಸಿಡಿಪಿ-101 ಮಾರಾಟಕ್ಕೆ ಬಂತು, 16 ಬಿಟ್ ಡ್ಯಾಕ್ ಜೊತೆ. ಫಿಲಿಪ್ಸ್ ತನ್ನ 14 ಬಿಟ್ ಚಿಪ್ಪಿನ ಪ್ಲೇಯರನ್ನೇ ಇಳಿಸಿತು. ಕಾಗದದ ಮೇಲೆ 16 ದೊಡ್ಡದು. ಆದರೆ ಮುಂದಿನ ವರ್ಷಗಳಲ್ಲಿ ಜಗತ್ತು ಹಿಡಿದದ್ದು ಫಿಲಿಪ್ಸ್ ಹಿಡಿದ ದಾರಿ: ವೇಗ ಹೆಚ್ಚಿಸು, ಬಿಟ್ ಕಡಿಮೆ ಇದ್ದರೂ ಪರವಾಗಿಲ್ಲ, ಬಾಕಿಯನ್ನ ಮುಂದಕ್ಕೆ ಒಯ್ಯಿ. ಅದು ಹೋಗಿ ಹೋಗಿ ಒಂದೇ ಬಿಟ್ಟಿನ ಡ್ಯಾಕ್‌ವರೆಗೂ ಮುಟ್ಟಿತು. 1986ರಲ್ಲಿ ಫಿಲಿಪ್ಸ್ ಐ-ಸ್ಕ್ವೇರ್ಡ್-ಎಸ್ ಅನ್ನೋ ಮೂರು ತಂತಿಯ ಸಂಪರ್ಕವನ್ನೂ ಪ್ರಕಟಿಸಿತು. ಒಂದು ತಂತಿ ಕ್ಲಾಕಿಗೆ, ಒಂದು ಎಡ-ಬಲ ಹೇಳೋಕೆ, ಒಂದು ಡೇಟಾಗೆ. ಹದಿನಾರು ತಂತಿ ಒಟ್ಟಿಗೆ ಹಾರುವ ಗದ್ದಲ ತಪ್ಪಿತು, ಹೊತ್ತು ಹೇಳುವ ಕೆಲಸವೂ ಪ್ರೋಗ್ರಾಮಿನ ಲೂಪಿನಿಂದ ಪ್ರತ್ಯೇಕ ಕ್ಲಾಕಿಗೆ ಹೋಯಿತು. ಚೇಂಬರ್ಲಿನ್ 114 ಸೈಕಲ್ ಎಣಿಸಿ ಎಣಿಸಿ ಮಾಡಿದ್ದನ್ನ ಈಗ ಒಂದು ಕ್ರಿಸ್ಟಲ್ ಮಾಡುತ್ತೆ.

ಈಗ ನನ್ನ ಲ್ಯಾಪ್‌ಟಾಪಿಗೆ ವಾಪಸ್ ಬರೋಣ. ಅದರ ಡ್ಯಾಕ್ 8 ಬಿಟ್ ಅಲ್ಲ, ಚೇಂಬರ್ಲಿನ್‌ಗೆ ಕನಸಲ್ಲೂ ಸಿಗದಷ್ಟು ಒಳ್ಳೆಯದು. ಮೆಟ್ಟಿಲಿನ ಗದ್ದಲ, ಹೊತ್ತಿನ ಗದ್ದಲ ಎರಡೂ ಬಗೆಹರಿದಿವೆ. ಉಳಿದಿರೋದು ಡೊಂಪಿಯರ್ ಕೇಳಿಸಿದ ಹಳೇ ಗದ್ದಲ. ಇಕ್ಕಟ್ಟು ಬೋರ್ಡು, ಪಕ್ಕದಲ್ಲೇ ಗಿಗಾಹರ್ಟ್ಸ್ ವೇಗದ ಪ್ರೊಸೆಸರು, ಹಂಚಿಕೊಂಡ ಗ್ರೌಂಡು. ನಿಮ್ಮದರಲ್ಲೂ ಹೀಗಾಗುತ್ತಿದ್ದರೆ ಸಾವಿರಾರು ರೂಪಾಯಿಯ ಡ್ಯಾಕ್ ಆರ್ಡರ್ ಮಾಡೋ ಮೊದಲು ಚಾರ್ಜರ್ ಕಿತ್ತು ಕೇಳಿ. ಸದ್ದು ನಿಂತರೆ ತೊಂದರೆ ಇರೋದು ಚಾರ್ಜರಿನ ದಾರಿಯಲ್ಲಿ. ನಿಲ್ಲದಿದ್ದರೆ ಒಂದು ಸಾದಾ ಯುಎಸ್‌ಬಿ ಡಾಂಗಲ್ಲೇ ಎಷ್ಟೋ ಸಲ ಸಾಕಾಗುತ್ತೆ. ನನಗೂ ಅಷ್ಟೇ ಸಾಕಾಯಿತು. ಅದರೊಳಗಿನ ಡ್ಯಾಕ್ ಬಹಳ ಶ್ರೇಷ್ಠ ಅಂತಲ್ಲ, ಪ್ರೊಸೆಸರಿನಿಂದ ಒಂದು ಗೇಣು ದೂರ ಇದೆ ಅಂತ.

2016ರಲ್ಲಿ ಐಫೋನ್ 7ರಿಂದ ಇಯರ್‌ಫೋನ್ ಜ್ಯಾಕ್ ಹೋದಾಗ ನಾವೆಲ್ಲ ಗೊಣಗಿದ್ವಿ. ಈಗ ಬ್ಲೂಟೂತ್ ಇಯರ್‌ಬಡ್ಡಿನೊಳಗೇ ಡ್ಯಾಕ್ ಇದೆ. ಸಂಖ್ಯೆಗಳು ಗಾಳಿಯಲ್ಲಿ ಹಾರಿ ಬಂದು ಬಡ್ಡಿನೊಳಗಿನ ಚಿಕ್ಕ ಮೆಮೊರಿಯಲ್ಲಿ ಒಂದು ಕ್ಷಣ ಕೂತು, ಒಂದೇ ಸಮ ಡ್ಯಾಕ್‌ಗೆ ಇಳಿಯುತ್ತವೆ. ಲೆಕ್ಕ ಹಾಕುವ ಫೋನು ಜೇಬಲ್ಲಿ, ಡ್ಯಾಕ್ ಕಿವಿಯಲ್ಲಿ, ನಡುವೆ ಒಂದು ತಂತಿಯೂ ಇಲ್ಲ. ಮೆಟ್ರೋದಲ್ಲಿ ನಿಂತು ಹಾಡು ಕೇಳುವಾಗ ಒಮ್ಮೊಮ್ಮೆ ಟೇಪ್ ಹಿಡಿದುಕೊಂಡು ಮರ್ರೆ ಹಿಲ್ ಕಡೆ ಹೊರಟ ಮ್ಯಾಥ್ಯೂಸ್ ನೆನಪಾಗುತ್ತಾರೆ. ಅವರು ಆ 17 ಸೆಕೆಂಡಿಗೆ ಅಷ್ಟು ದೂರ ಹೋಗಬೇಕಾಯಿತು. ನಮ್ಮದು ಜೇಬಿನಿಂದ ಕಿವಿಯ ದೂರ. ಏರ್ಪಾಟು ಮಾತ್ರ ಅದೇ.